ಮನೆಗೊಪ್ಪುವ ನಾಯಿ: ಆರಿಸುವುದು ಹೇಗೆ, ತರುವುದು ಎಲ್ಲಿಂದ

ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲಿ ನಾಯಿ ಸಾಕುವ ಮಾತು ಬಂದಾಗ ಹಿರಿಯರು ಮುಧೋಳ ನಾಯಿಯ ಹೆಸರು ಹೇಳುತ್ತಾರೆ, ಮಕ್ಕಳು ಮೊಬೈಲಿನಲ್ಲಿ ನೋಡಿದ ಲ್ಯಾಬ್ರಡಾರ್ ಅಥವಾ ಹಸ್ಕಿ ಬೇಕೆಂದು ಹಟ ಹಿಡಿಯುತ್ತಾರೆ, ಮನೆಯಾಕೆ ಮಾತ್ರ ಅದರ ಗಲೀಜು ಬಳಿಯುವವರು ಯಾರು ಎಂದು ಕೇಳುತ್ತಾಳೆ. ಈ ಮೂರರಲ್ಲಿ ಮೊದಲು ಉತ್ತರ ಸಿಗಬೇಕಾದದ್ದು ಮನೆಯಾಕೆಯ ಪ್ರಶ್ನೆಗೆ. ಯಾವ ತಳಿ, ಎಷ್ಟು ದುಡ್ಡು, ಎಲ್ಲಿ ಸಿಗುತ್ತದೆ ಎಂಬುದೆಲ್ಲ ಆಮೇಲಿನ ಮಾತು. ನಾಯಿ ಸಾಮಾನ್ಯವಾಗಿ 10ರಿಂದ 14 ವರ್ಷ ಬದುಕುತ್ತದೆ. ಇಂದು ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ಮಗ, ಮಗಳು ಪದವಿ ಮುಗಿಸಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ಮೇಲೂ ಅದು ಅದೇ ಅಂಗಳದಲ್ಲಿ ಇರುತ್ತದೆ. ಅಷ್ಟೂ ವರ್ಷ ಅದರ ಊಟ, ಓಡಾಟ, ಔಷಧಿಯ ಹೊಣೆ ಹೊರುವ ಒಬ್ಬ ದೊಡ್ಡವರ ಹೆಸರು ಮನೆಯಲ್ಲಿ ನಿರ್ಧಾರವಾಗಿರಬೇಕು. ಮಕ್ಕಳ ಮೇಲೆ ಆ ಹೊಣೆ ಹಾಕುತ್ತೇವೆ ಎನ್ನುವ ಮನೆಯವರಿಗೆ ನಾನು ನಾಯಿ ತರಬೇಡಿ ಎಂದೇ ಹೇಳುತ್ತೇನೆ.

ಮೊದಲು ಮನೆಯ ಲೆಕ್ಕ

ನವನಗರದ ಸೆಕ್ಟರುಗಳಲ್ಲಿ ಚಿಕ್ಕ ಕಾಂಪೌಂಡಿನ ಮನೆಗಳಿವೆ, ಹಳೇ ಬಾಗಲಕೋಟೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳಿವೆ, ಹಳ್ಳಿಗಳ ಕಡೆ ಹೊಲದಲ್ಲಿಯೇ ವಸ್ತಿ ಮಾಡಿಕೊಂಡಿರುವ ಕುಟುಂಬಗಳಿವೆ. ಈ ಮೂರೂ ಕಡೆಗೆ ಒಂದೇ ನಾಯಿ ಒಪ್ಪುವುದಿಲ್ಲ. ಆದರೆ ಜಾಗದ ಅಳತೆಗಿಂತ ಸಮಯದ ಅಳತೆ ಹೆಚ್ಚು ಮುಖ್ಯವೆಂದು ನನ್ನ ಅನಿಸಿಕೆ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಅರ್ಧ ತಾಸಾದರೂ ಹೊರಗೆ ಅಡ್ಡಾಡಿಸುವವರಿದ್ದರೆ ಚಿಕ್ಕ ಮನೆಯಲ್ಲಿಯೂ ನಾಯಿ ನೆಮ್ಮದಿಯಾಗಿರುತ್ತದೆ. ಅಡ್ಡಾಡಿಸುವವರೇ ಇಲ್ಲದೆ ದಿನವಿಡೀ ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿದ ನಾಯಿ ಎಷ್ಟು ದೊಡ್ಡ ಅಂಗಳವಿದ್ದರೂ ಕೆರಳುತ್ತದೆ, ಬೊಗಳುತ್ತದೆ, ಕೊನೆಗೆ ಮನೆಗೆ ಬಂದವರ ಮೇಲೆ ಎರಗುತ್ತದೆ. ನಮ್ಮ ಭಾಗದಲ್ಲಿ ಮನೆಯವರನ್ನೇ ಕಚ್ಚಿತು ಎಂದು ದೂರು ಹೇಳುವ ಕಡೆಗಳಲ್ಲಿ ವಿಚಾರಿಸಿ ನೋಡಿದರೆ ಆ ನಾಯಿ ಸರಪಳಿಯಲ್ಲಿಯೇ ಬೆಳೆದದ್ದಾಗಿರುವುದು ಹೆಚ್ಚು.

ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ, ನಡೆಯುವಾಗ ತೋಲ ತಪ್ಪುವ ಹಿರಿಯರಿದ್ದರೆ, ಉಬ್ಬಸದವರಿದ್ದರೆ ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಕು. 30 ಕಿಲೋ ತೂಗುವ ಎಳೆಯ ಲ್ಯಾಬ್ರಡಾರ್ ಪ್ರೀತಿಯಿಂದಲೇ ಎಗರಿದರೂ ಎಪ್ಪತ್ತು ದಾಟಿದ ಅಜ್ಜಿ ಬಿದ್ದು ಸೊಂಟ ಮುರಿದುಕೊಳ್ಳಬಹುದು. ನಾಯಿಯ ಕೂದಲು, ಹೊಟ್ಟು ಆಗದವರು ಮೊದಲು ನಾಯಿ ಇರುವ ಬಂಧುಗಳ ಮನೆಯಲ್ಲಿ ಒಂದೆರಡು ದಿನ ಉಳಿದು ನೋಡುವುದು ಒಳ್ಳೆಯದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡಬಾರದು. ಕೂಡು ಕುಟುಂಬದಲ್ಲಿ ನಾಯಿ ಒಳಗೆ ಬರಬಾರದು, ದೇವರ ಕೋಣೆಯ ಕಡೆ ಸುಳಿಯಬಾರದು ಎಂಬ ಕಟ್ಟಳೆಗಳಿದ್ದರೆ ಅವನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಎಲ್ಲಿಯವರೆಗೆ ಬರಬಹುದು ಎಂಬುದು ಮೊದಲ ದಿನದಿಂದ ಒಂದೇ ರೀತಿ ಇದ್ದರೆ ನಾಯಿ ಅದನ್ನು ಸುಲಭವಾಗಿ ಕಲಿಯುತ್ತದೆ, ಅಜ್ಜ ಗದರಿ ಮೊಮ್ಮಗ ಒಳಗೆ ಕರೆದರೆ ಎಂದಿಗೂ ಕಲಿಯುವುದಿಲ್ಲ.

ಖರ್ಚಿನ ವಿಷಯದಲ್ಲಿ ಜನ ಮರಿಯ ಬೆಲೆಯನ್ನಷ್ಟೇ ಎಣಿಸುತ್ತಾರೆ. ಮರಿಯನ್ನು ಪುಕ್ಕಟೆ ತಂದರೂ ಪ್ರತಿ ವರ್ಷದ ಲಸಿಕೆ, ಜಂತಿನ ಔಷಧಿ, ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗಳ ಔಷಧಿ, ಸಂತಾನಹರಣ ಚಿಕಿತ್ಸೆ, ಮುಪ್ಪಿನ ಕಾಯಿಲೆಗಳು ಇದ್ದೇ ಇರುತ್ತವೆ.

ನಮ್ಮ ಬಿಸಿಲನ್ನು ಮರೆಯಬಾರದು

ಬಾಗಲಕೋಟೆಯಲ್ಲಿಯೂ ವಿಜಯಪುರದಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಮನುಷ್ಯ ಮೈಯೆಲ್ಲ ಬೆವರಿ ತಂಪಾಗುತ್ತಾನೆ. ನಾಯಿ ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದಲೇ ಮೈಯ ಕಾವು ಇಳಿಸಿಕೊಳ್ಳಬೇಕು. ಆದ್ದರಿಂದ ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್ ಮತ್ತು ಹಿಮದ ನಾಡಿಗೆಂದೇ ದಪ್ಪ ತುಪ್ಪಳ ಪಡೆದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳನ್ನು ಈ ಎರಡು ಜಿಲ್ಲೆಗಳಿಗೆ ತರುವುದು ಅವುಗಳಿಗೆ ಮಾಡುವ ಅನ್ಯಾಯವೆಂದೇ ಹೇಳಬೇಕು. ಪಗ್‌ನ ಉಸಿರುದಾರಿಯೇ ಕಿರಿದು, ತೇಕಿದರೂ ಕಾವು ಇಳಿಯುವುದಿಲ್ಲ. ಹಗಲಿಡೀ ಎ.ಸಿ. ಹಾಕಿಡುವ ಮನೆಗಳಲ್ಲಿ ಅವು ಬದುಕುತ್ತವೆ ನಿಜ, ಆದರೆ ಮೇ ತಿಂಗಳಲ್ಲಿ ವಿದ್ಯುತ್ ಕೈಕೊಟ್ಟ ಒಂದು ಮಧ್ಯಾಹ್ನ ಜೀವಕ್ಕೇ ಸಂಚಕಾರವಾಗುತ್ತದೆ. ಬೆಳಗಾವಿಯ ಹವೆ ತಂಪು, ಅಲ್ಲಿಯವರಿಗೆ ಬಿಸಿಲಿನ ಚಿಂತೆ ಕಡಿಮೆ. ಆದರೆ ಅಲ್ಲಿಯ ಮಳೆಗಾಲದ ತೇವದಲ್ಲಿ ಉದ್ದ ಕೂದಲಿನ ನಾಯಿಗಳಿಗೆ ಚರ್ಮದ ಹುಣ್ಣು, ಕಿವಿಯ ಸೋಂಕು ಕಾಡುತ್ತವೆ.

ಮುಧೋಳ ನಾಯಿ ಯಾರಿಗೆ ಒಪ್ಪುತ್ತದೆ

ನಮ್ಮ ಜಿಲ್ಲೆಯ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ತಳಿ ಇದು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಪೋಷಿಸಿ ಬೆಳೆಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಭಾರತೀಯ ಸೇನೆ ಇಲ್ಲಿಯ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಕೊಂಡೊಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ಇದರ ಹೆಸರೆತ್ತಿದ ಮೇಲಂತೂ ಮರಿಗಳಿಗಾಗಿ ಕೇಳುವವರು ಎಲ್ಲ ಕಡೆಯೂ ಹೆಚ್ಚಾದರು. ಅಭಿಮಾನ ಪಡುವಂಥ ಸಂಗತಿಗಳೇ ಇವೆಲ್ಲ. ಆದರೆ ನಾಯಿ ತರುವ ನಿರ್ಧಾರ ಅಭಿಮಾನದ ಮೇಲೆ ನಿಲ್ಲಬಾರದು.

ಬೆಳೆದ ಗಂಡು ಭುಜದವರೆಗೆ 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರವಿರುತ್ತದೆ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೆಳೆದುಕೊಂಡ ಹೊಟ್ಟೆ, ನೀಳ ಕಾಲು, ಮೈಗಂಟಿದ ಗಿಡ್ಡ ಕೂದಲು ಇವೆಲ್ಲ ಓಡುವುದಕ್ಕಾಗಿ ಬಂದ ಮೈಕಟ್ಟು. ಇದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ದೂರದಲ್ಲಿ ಏನೋ ಓಡಿದ್ದು ಕಂಡರೆ ಅದರ ಕಿವಿಗೆ ನಿಮ್ಮ ಕರೆ ಬೀಳುವುದಿಲ್ಲ, ಅದು ನಿಮ್ಮ ಮೇಲಿನ ಅವಿಧೇಯತೆ ಅಲ್ಲ, ಹುಟ್ಟುಗುಣ. ಆದ್ದರಿಂದ ಬೇಲಿ ಇಲ್ಲದ ಕಡೆ, ಹೆದ್ದಾರಿಯ ಹತ್ತಿರ ಹಗ್ಗ ಬಿಚ್ಚುವುದು ಸಲ್ಲದು. ಕೋಳಿ, ಬೆಕ್ಕು, ಸಣ್ಣ ಮೇಕೆ ಮರಿಗಳಿರುವ ಮನೆಗೆ ಬೆಳೆದ ಮುಧೋಳ ನಾಯಿಯನ್ನು ತರಬಾರದು. ಅವುಗಳ ನಡುವೆಯೇ ಹುಟ್ಟಿ ಬೆಳೆದ ಮರಿಯಾದರೆ ಹೊಂದಿಕೊಳ್ಳಬಹುದು, ಆದರೂ ಕಣ್ಣಿಡಬೇಕು. ಇದನ್ನು ಮೊಲದ ಬೇಟೆಗೆಂದು ಸಾಕುವ ವಾಡಿಕೆ ಹಿಂದೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಇಂದು ಅಪರಾಧ, ಮರಿ ಮಾರುವವರು ಬೇಟೆಯ ವಿಡಿಯೊ ತೋರಿಸಿ ಹೊಗಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಇಷ್ಟು ಹೇಳಿದ ಮೇಲೆ, ಇದು ಕುಟುಂಬಕ್ಕೆ ಆಗದ ನಾಯಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯವರೊಂದಿಗೆ ಇದು ಬಹಳ ಮೆದು, ಬಹಳ ಶಾಂತ. ಬೆಳಗ್ಗೆ ಚೆನ್ನಾಗಿ ಓಡಿಸಿಕೊಂಡು ಬಂದರೆ ಹಗಲೆಲ್ಲ ಪಡಸಾಲೆಯ ಮೂಲೆಯಲ್ಲಿ ಮಲಗಿರುತ್ತದೆ, ವಿನಾ ಕಾರಣ ಬೊಗಳುವುದು ಕಡಿಮೆ. ಪರಿಚಯವಿಲ್ಲದವರು ಮೈ ಮುಟ್ಟಿದರೆ ಮಾತ್ರ ಸಹಿಸುವುದಿಲ್ಲ, ಹಿಂದಕ್ಕೆ ಸರಿದು ನಿಲ್ಲುತ್ತದೆ. ಗದರಿಕೆ, ಹೊಡೆತ ಇದಕ್ಕೆ ಸೇರುವುದೇ ಇಲ್ಲ. ಒಂದು ಸಲ ಹೊಡೆತ ತಿಂದ ನಾಯಿ ತಿಂಗಳುಗಟ್ಟಲೆ ಆ ಮನುಷ್ಯನಿಂದ ದೂರ ಉಳಿಯುತ್ತದೆ. ಹೊಲದ ವಸ್ತಿಯಿರುವ, ಸುತ್ತ ಎತ್ತರದ ಬೇಲಿಯಿರುವ, ಮಕ್ಕಳು ಎಂಟು ಹತ್ತು ವರ್ಷ ದಾಟಿರುವ, ದಿನವೂ ಓಡಿಸಲು ಒಬ್ಬ ಹುರುಪಿನ ಆಳಿರುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ನಾಯಿ ನಮ್ಮ ಹವೆಯಲ್ಲಿ ಸಿಗಲಾರದು. ಬಂಧುಬಳಗದವರ ಬರಹೋಗು ಸದಾ ಇರುವ, ಓಣಿಯ ಮಕ್ಕಳೆಲ್ಲ ಒಳಗೆ ನುಗ್ಗುವ ಪಟ್ಟಣದ ಚಿಕ್ಕ ಮನೆಗೆ ಇದು ಸಲ್ಲದು.

ಇದರ ಮೈ ನೋಡಿ ಹೊಸಬರು ಗಾಬರಿಯಾಗುವುದುಂಟು. ಹಿಂದಿನ ಕೆಲವು ಪಕ್ಕೆಲುಬು, ಸೊಂಟದ ಎಲುಬು ಎದ್ದು ಕಾಣುವುದು ಈ ತಳಿಗೆ ಸಹಜ; ಸೊರಗಿದೆ ಎಂದು ತಿಳಿದು ತುಪ್ಪ, ಬೆಲ್ಲ ತಿನ್ನಿಸಿ ಬೊಜ್ಜು ಬರಿಸಿದರೆ ಕೀಲು ಕೆಡುತ್ತವೆ. ಚರ್ಮ ತೆಳು, ಕೊಬ್ಬು ಕಡಿಮೆ, ಆದ್ದರಿಂದ ಡಿಸೆಂಬರ್ ರಾತ್ರಿಗಳಲ್ಲಿ ಮೆತ್ತನೆಯ ಹಾಸಿಗೆ, ಹೊದಿಕೆ ಬೇಕು, ಬರಿ ಬಂಡೆಯ ಮೇಲೆ ಮಲಗಿದರೆ ಮೊಣಕೈಯಲ್ಲಿ ಹುಣ್ಣಾಗುತ್ತದೆ. ಈ ಬಗೆಯ ತೆಳು ಮೈಯ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ದಾಗ ತಳಿಯ ಹೆಸರನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಊರ ನಾಯಿ ಮತ್ತು ಉಳಿದವು

ಹೆಚ್ಚಿನ ಪಟ್ಟಣದ ಕುಟುಂಬಗಳಿಗೆ ನಾನು ಮೊದಲು ಸೂಚಿಸುವುದು ನಮ್ಮ ಓಣಿಯ ಊರ ನಾಯಿಯ ಮರಿಯನ್ನು. ಸಾವಿರಾರು ವರ್ಷಗಳಿಂದ ಇದೇ ಬಿಸಿಲು, ಇದೇ ನೀರಿಗೆ ಒಗ್ಗಿದ ಜೀವ ಅದು. ಮಧ್ಯಮ ಗಾತ್ರ, ಗಿಡ್ಡ ಕೂದಲು, ಚುರುಕು ಬುದ್ಧಿ, ಹುಟ್ಟಿನಿಂದ ಬರುವ ಕಾಯಿಲೆಗಳು ಕಡಿಮೆ. ಎಂಟು ವಾರದ ಮರಿಯನ್ನು ತಂದು ಲಸಿಕೆ ಹಾಕಿಸಿ ಮನೆಯ ಮಕ್ಕಳ ಜೊತೆ ಬೆಳೆಸಿದರೆ ಅದರ ನಂಬಿಕೆಗೆ ಯಾವ ತಳಿಯೂ ಸಾಟಿಯಲ್ಲ. ನಾಲ್ಕು ಜನ ಏನೆಂದಾರು ಎಂಬ ಸಂಕೋಚವೊಂದೇ ಇದಕ್ಕೆ ಅಡ್ಡಿಯಾಗಿರುವುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಲ್ಯಾಬ್ರಡಾರ್ ಮಕ್ಕಳೊಂದಿಗೆ ತಾಳ್ಮೆಯಿಂದ ಇರುತ್ತದೆ, ಹೇಳಿದ್ದನ್ನು ಬೇಗ ಕಲಿಯುತ್ತದೆ, ಬಂದವರನ್ನೆಲ್ಲ ನೆಂಟರೆಂದೇ ತಿಳಿಯುತ್ತದೆ. ಕಾವಲಿಗೆ ಬೇಕೆನ್ನುವವರು ಇದನ್ನು ಗಮನಿಸಬೇಕು. ಎಷ್ಟು ಹಾಕಿದರೂ ತಿನ್ನುವುದರಿಂದ ಬೊಜ್ಜು ಬೇಗ ಬರುತ್ತದೆ, ಹಿಂಗಾಲಿನ ಚಪ್ಪೆಯ ಕೀಲಿನ ದೋಷ ಈ ತಳಿಯಲ್ಲಿಯೂ ಜರ್ಮನ್ ಶೆಫರ್ಡ್‌ನಲ್ಲಿಯೂ ವಂಶದಿಂದ ಬರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗೆ ಒಯ್ಯಬೇಕು. ಜರ್ಮನ್ ಶೆಫರ್ಡ್ ಒಳ್ಳೆಯ ನಾಯಿಯೇ, ಆದರೆ ತರಬೇತಿ ಕೊಡಲು ಬಿಡುವಿಲ್ಲದವರಿಗೆ ಅಲ್ಲ. ನಮ್ಮ ಕಡೆ ಪಾಮೇರಿಯನ್ ಎಂದು ಕರೆಯುವ ಬಿಳಿ ನಾಯಿ ಬಹುತೇಕ ಭಾರತದಲ್ಲಿಯೇ ರೂಢಿಯಾದ ಸ್ಪಿಟ್ಜ್; ಚಿಕ್ಕ ಮನೆಗೆ ಹೊಂದುತ್ತದೆ, ಆದರೆ ಬೊಗಳುವುದು ಹೆಚ್ಚು, ಎಳೆಯ ಮಕ್ಕಳು ಹಿಡಿದೆಳೆದರೆ ಕಚ್ಚುವುದೂ ಉಂಟು. ರಾಟ್‌ವೀಲರ್, ಪಿಟ್‌ಬುಲ್‌ಗಳನ್ನು ಮೊದಲ ಸಲ ನಾಯಿ ಸಾಕುವವರು ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಗಂಡೋ ಹೆಣ್ಣೋ ಎಂದು ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಗಂಡು ಎನ್ನುತ್ತಾರೆ. ಹೆಣ್ಣು ನಾಯಿ ಸಾಮಾನ್ಯವಾಗಿ ಮನೆ ಬಿಟ್ಟು ಅಲೆಯುವುದು ಕಡಿಮೆ, ಗೋಡೆ ಕಂಬಗಳಿಗೆಲ್ಲ ಮೂತ್ರ ಹಾಯಿಸುವುದೂ ಕಡಿಮೆ. ಆರೆಂಟು ತಿಂಗಳಿಗೊಮ್ಮೆ ಬೆದೆಗೆ ಬರುವುದು, ಮರಿ ಹಾಕುವುದು ಎಂಬ ಅಂಜಿಕೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಪರಿಹಾರ. ಅದರಿಂದ ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯಕಾರಿ ಕಾಯಿಲೆಯೂ ತಪ್ಪುತ್ತದೆ. ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದು ತಳಿಯ ಗಾತ್ರದ ಮೇಲಿದೆ, ಪಶುವೈದ್ಯರು ಹೇಳುತ್ತಾರೆ.

ಮರಿಯನ್ನು ತರುವುದು ಎಲ್ಲಿಂದ

ಮುಧೋಳ ನಾಯಿಯೇ ಬೇಕೆಂದು ನಿಶ್ಚಯಿಸಿದವರು ಮೊದಲು ವಿಚಾರಿಸಬೇಕಾದದ್ದು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ ಈ ಕೇಂದ್ರ ತಳಿಯನ್ನು ಶುದ್ಧವಾಗಿ ಉಳಿಸುವ ಕೆಲಸ ಮಾಡುತ್ತದೆ ಮತ್ತು ಸಾಕುವವರಿಗೆ ಮರಿಗಳನ್ನೂ ಕೊಡುತ್ತದೆ. ಹೋದ ದಿನವೇ ಮರಿ ಕೈಗೆ ಸಿಗುತ್ತದೆಂದು ತಿಳಿದು ಮಕ್ಕಳನ್ನು ಕರೆದುಕೊಂಡು ಹೊರಡಬಾರದು. ಮೊದಲು ಸಂಪರ್ಕಿಸಿ, ಹೆಸರು ಬರೆಸಿ, ಸರದಿ ಕಾಯಬೇಕಾಗುತ್ತದೆ. ಕಾಯುವ ಆ ತಿಂಗಳುಗಳು ವ್ಯರ್ಥವಲ್ಲ. ಬೇಲಿ ಎತ್ತರಿಸುವುದಕ್ಕೆ, ಮನೆಯವರೆಲ್ಲ ಒಂದು ಮಾತಿಗೆ ಬರುವುದಕ್ಕೆ ಆ ಸಮಯ ಬೇಕೇ ಬೇಕು.

ಮುಧೋಳ, ಲೋಕಾಪುರ ಸುತ್ತಿನ ಹಳ್ಳಿಗಳಲ್ಲಿ ಈ ನಾಯಿಗಳನ್ನು ಸಾಕಿ ಮರಿ ಮಾರಿ ಜೀವನಕ್ಕೆ ಆಧಾರ ಮಾಡಿಕೊಂಡಿರುವ ರೈತ ಕುಟುಂಬಗಳು ಸಾಕಷ್ಟಿವೆ. ತಲೆಮಾರುಗಳ ಅನುಭವವಿರುವ, ಮೇಲಾದ ಸಾಕಣೆ ಮಾಡುವ ಮನೆಗಳು ಅವುಗಳಲ್ಲಿವೆ. ಬೇಡಿಕೆ ಹೆಚ್ಚಿದ್ದನ್ನು ಕಂಡು ಬೇರೆ ನಾಯಿಯೊಂದಿಗೆ ಕೂಡಿಸಿದ ಮರಿಗಳನ್ನು ಅಚ್ಚ ಮುಧೋಳವೆಂದು ಮಾರುವವರೂ ಇದ್ದಾರೆ. ಇಬ್ಬರನ್ನೂ ಬೇರ್ಪಡಿಸಿ ನೋಡುವ ಮೊದಲ ದಾರಿ ಎಂದರೆ ತಾಯಿಯನ್ನು ತೋರಿಸಿ ಎಂದು ಕೇಳುವುದು. ಒಳ್ಳೆಯ ಸಾಕಣೆದಾರರು ತಾಯಿಯನ್ನು ತೋರಿಸುತ್ತಾರೆ, ತಂದೆ ನಾಯಿ ಯಾರ ಮನೆಯದೆಂದು ಹೇಳುತ್ತಾರೆ, ನಿಮ್ಮ ಮನೆ, ನಿಮ್ಮ ಕೆಲಸದ ಬಗ್ಗೆ ಅವರೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ತಾಯಿ ಹೊಲದಲ್ಲಿದೆ, ತಂಗಿಯ ಮನೆಯಲ್ಲಿದೆ, ನೀವು ದುಡ್ಡು ಕೊಡಿ ಬಸ್ಸಿನಲ್ಲಿ ಮರಿ ಕಳಿಸುತ್ತೇವೆ ಎನ್ನುವವರಿಂದ ಏನನ್ನೂ ಕೊಳ್ಳಬಾರದು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ನೋಡಿ ಮುಂಗಡ ಕಳಿಸುವುದಂತೂ ಬೇಡವೇ ಬೇಡ.

2017ರ ನಾಯಿ ಸಂತಾನವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರದ ಕಟ್ಟಳೆ ಬರಿ ಕಾಗದದ್ದಲ್ಲ. ಕಚ್ಚಾಟದಲ್ಲಿ ಎಷ್ಟು ಬಲವಾಗಿ ಬಾಯಿ ಹಾಕಬಹುದೆಂಬುದನ್ನು ಮರಿ ಕಲಿಯುವುದು ಐದರಿಂದ ಎಂಟನೆಯ ವಾರದ ನಡುವೆ ಒಡಹುಟ್ಟಿದವುಗಳ ಜೊತೆ ಆಡುವಾಗ. ಜೋರಾಗಿ ಕಚ್ಚಿದರೆ ಜೊತೆಯ ಮರಿ ಕಿರುಚಿ ಆಟ ಬಿಡುತ್ತದೆ, ತಾಯಿ ಗುರುಗುಟ್ಟುತ್ತದೆ. ಮೂವತ್ತು ದಿನಕ್ಕೇ ತಂದ ಮರಿಗೆ ಈ ಪಾಠ ಆಗಿರುವುದಿಲ್ಲ, ಅದು ನಿಮ್ಮ ಮಕ್ಕಳ ಕೈ ಮೇಲೆ ಕಲಿಯಬೇಕಾಗುತ್ತದೆ. ಹೊರಗಿನ ತಳಿಗಳನ್ನು ಕೊಳ್ಳುವವರು ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ಕೇಳಬೇಕು, ಆದರೆ ಪತ್ರವು ವಂಶವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ.

ಊರ ನಾಯಿಯ ಮರಿ ಬೇಕಾದವರಿಗೆ ಹುಡುಕುವ ಕಷ್ಟವಿಲ್ಲ. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಬಹುಶಃ ಪ್ರತಿ ಓಣಿಯಲ್ಲಿಯೂ ಒಂದು ಸೂಲಿನ ಮರಿಗಳಿರುತ್ತವೆ. ಅವುಗಳಿಗೆ ದಿನವೂ ಅನ್ನ ಹಾಕುವ ಮನೆಯವರನ್ನು ಕೇಳಿ. ತಾಯಿಯ ಸ್ವಭಾವ, ಮರಿಗಳ ವಯಸ್ಸು ಅವರಿಗೆ ಗೊತ್ತಿರುತ್ತದೆ. ಕಣ್ಣು ಬಿಟ್ಟ ಕೂಡಲೇ ಎತ್ತಿಕೊಂಡು ಬರಬಾರದು, ಎಂಟು ವಾರವಾಗುವವರೆಗೆ ಅಲ್ಲಿಯೇ ಅನ್ನ ಹಾಕುತ್ತಾ ಕೈಗೆ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ತಾಲೂಕು, ಜಿಲ್ಲಾ ಪಶು ಆಸ್ಪತ್ರೆಗಳ ಸಿಬ್ಬಂದಿಗೆ ಯಾರು ಮರಿ ಕೊಡುತ್ತಿದ್ದಾರೆ, ಯಾರು ವರ್ಗಾವಣೆಯಾಗಿ ಬೆಳೆದ ನಾಯಿಯನ್ನು ಬಿಟ್ಟು ಹೋಗುತ್ತಿದ್ದಾರೆ ಎಂಬುದು ತಿಳಿದಿರುತ್ತದೆ. ಎರಡು ಮೂರು ವರ್ಷದ, ಲಸಿಕೆ ಆಗಿರುವ, ಸ್ವಭಾವ ಗೊತ್ತಿರುವ ಅಂಥ ನಾಯಿ ವಯಸ್ಸಾದ ದಂಪತಿಗೆ ಮರಿಗಿಂತ ಎಷ್ಟೋ ಮೇಲು.

ಮರಿಯ ಮುಂದೆ ಕುಳಿತಾಗ

ಹೋದ ಕೂಡಲೇ ಮರಿಯನ್ನು ಎತ್ತಿಕೊಳ್ಳಬೇಡಿ. ಮೊದಲು ತಾಯಿಯಿಂದ ಹತ್ತು ಹೆಜ್ಜೆ ದೂರ ನಿಂತು, ಸಾಕಿದವರ ಜೊತೆ ಮಾತಾಡುತ್ತಾ ಅದು ಏನು ಮಾಡುತ್ತದೆಂದು ನೋಡಿ. ಮರಿ ಹಾಕಿದ ತಾಯಿ ಅಪರಿಚಿತರನ್ನು ಕಂಡು ಎದ್ದು ನಿಲ್ಲುವುದು, ಒಂದೆರಡು ಸಲ ಬೊಗಳುವುದು ಸಹಜ. ಮನೆಯವರು ಮಾತಾಡಿಸಿದ ಮೇಲೂ ಹಲ್ಲು ಕಿರಿದು ಮೈಮೇಲೆ ಬರುವ ತಾಯಿಯ ಮರಿ, ಅಥವಾ ಬಾಲ ಮುದುಡಿಕೊಂಡು ಗೋಡೆಗೆ ಒರಗಿ ನಡುಗುವ ತಾಯಿಯ ಮರಿ ಮಕ್ಕಳಿರುವ ಮನೆಗೆ ಬೇಡ. ಅಂಜಿಕೆಯ ಸ್ವಭಾವ ವಂಶದಿಂದಲೂ ಬರುತ್ತದೆ, ತಾಯಿಯನ್ನು ನೋಡಿ ಕಲಿಯುವುದರಿಂದಲೂ ಬರುತ್ತದೆ.

ಆಮೇಲೆ ಮರಿಗಳ ನಡುವೆ ನೆಲದ ಮೇಲೆ ಕುಳಿತುಕೊಳ್ಳಿ. ಎಲ್ಲಕ್ಕಿಂತ ಮೊದಲು ಓಡಿ ಬಂದು ಮೈಮೇಲೆ ಹತ್ತಿ ಉಳಿದವನ್ನು ತಳ್ಳುವ ಮರಿಯನ್ನೇ ಜನ ಮೆಚ್ಚಿ ಒಯ್ಯುತ್ತಾರೆ. ಮೂಲೆಯಲ್ಲಿ ಒಂಟಿಯಾಗಿ ಕುಳಿತದ್ದನ್ನು ಕನಿಕರದಿಂದ ಒಯ್ಯುವವರೂ ಇದ್ದಾರೆ. ಕುಟುಂಬಕ್ಕೆ ಹೊಂದುವುದು ಸಾಮಾನ್ಯವಾಗಿ ನಡುವಿನದು, ಸ್ವಲ್ಪ ತಡೆದು ಬಂದು, ಕೈ ಮೂಸಿ, ಬಾಲ ಅಲ್ಲಾಡಿಸಿ ಅಲ್ಲಿಯೇ ಉಳಿಯುವ ಮರಿ. ಒಂದಿಷ್ಟು ದೂರದಲ್ಲಿ ಸ್ಟೀಲಿನ ತಟ್ಟೆಯೊಂದನ್ನು ನೆಲಕ್ಕೆ ಬೀಳಿಸಿ ನೋಡಿ. ಬೆಚ್ಚಿ ಬೀಳುವುದು ತಪ್ಪಲ್ಲ. ಬೆಚ್ಚಿದ ಮೇಲೆ ಅರ್ಧ ನಿಮಿಷದಲ್ಲಿ ತಟ್ಟೆಯ ಹತ್ತಿರ ಮೂಸಲು ಬರುತ್ತದೆಯೇ, ಇಲ್ಲಾ ಅಡಗಿಕೊಂಡದ್ದು ಹೊರಗೆ ಬರುವುದೇ ಇಲ್ಲವೇ ಎಂಬುದನ್ನು ಗಮನಿಸಬೇಕು. ಹಬ್ಬ, ಮದುವೆ, ಪಟಾಕಿ, ಡೊಳ್ಳಿನ ಸದ್ದಿನ ನಡುವೆ ಬದುಕಬೇಕಾದ ಜೀವ ಅದು. ಕೊನೆಗೆ ಮರಿಯನ್ನು ಎರಡೂ ಕೈಯಿಂದ ಎತ್ತಿ, ಅಂಗಾತ ಮಡಿಲಲ್ಲಿ ಹಿಡಿಯಿರಿ. ತುಸು ಒದ್ದಾಡಿ ಸುಮ್ಮನಾದರೆ ಒಳ್ಳೆಯದು.

ಎತ್ತಿಕೊಂಡಾಗಲೇ ಮೈ ಪರೀಕ್ಷೆಯೂ ಆಗಲಿ. ತುಟಿ ಎತ್ತಿ ನೋಡಿದರೆ ಒಸಡು ನಸುಗೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ ಜಂತು ಅಥವಾ ಉಣ್ಣೆ ರಕ್ತ ಹೀರಿರಬಹುದು. ಕಣ್ಣಿನ ಮೂಲೆಯಲ್ಲಿ ಹಳದಿ ಪಿಸುರು, ಮೂಗಿನಲ್ಲಿ ಸಿಂಬಳ ಇರಬಾರದು. ಮೈ ಬಡಕಲಾಗಿದ್ದು ಹೊಟ್ಟೆ ಮಾತ್ರ ಗಡಿಗೆಯಂತೆ ಉಬ್ಬಿದ್ದರೆ ಅದು ಪುಷ್ಟಿಯಲ್ಲ, ಜಂತು. ಕಿವಿಯ ಒಳಮಗ್ಗುಲು, ಬೆರಳುಗಳ ಸಂದು, ಬಾಲದ ಬುಡದಲ್ಲಿ ಉಣ್ಣೆಗಳಿವೆಯೇ ನೋಡಬೇಕು. ನಮ್ಮ ಕಡೆ ಉಣ್ಣೆಯಿಂದ ಹರಡುವ ಜ್ವರಕ್ಕೆ ಬಲಿಯಾಗುವ ನಾಯಿಗಳು ಬಹಳ. ಬಾಲದ ಕೆಳಗೆ ಭೇದಿಯ ಕಲೆ ಕಂಡರೆ, ಒಂದೇ ಮರಿಗೆ ಭೇದಿಯಾಗಿದ್ದರೂ, ಆ ಸೂಲಿನ ಯಾವ ಮರಿಯನ್ನೂ ಅಂದು ತರಬೇಡಿ. ಮರಿಗಳಿಗೆ ಭೇದಿ ತರುವ ಪಾರ್ವೊ ರೋಗದ ವಿಷಾಣು ಮೈ ಸೇರಿ ಕೆಲವು ದಿನಗಳ ಮೇಲೆ ಲಕ್ಷಣ ತೋರಿಸುತ್ತದೆ, ಇಂದು ಆಡುತ್ತಿರುವ ಮರಿ ನಾಲ್ಕು ದಿನಕ್ಕೆ ಮಲಗಬಹುದು. ಲಸಿಕೆ ಹಾಕಿಸಿದ್ದೇವೆ ಎಂದರೆ ಕಾರ್ಡ್ ಕೇಳಿ, ಅದರಲ್ಲಿ ಲಸಿಕೆ ಸೀಸೆಯ ಚೀಟಿ, ದಿನಾಂಕ, ವೈದ್ಯರ ಸಹಿ ಮೂರೂ ಇವೆಯೇ ನೋಡಿ.

ಮನೆಗೆ ತಂದ ಮೇಲೆ

ಬರುವ ದಿನ ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ, ಮೊದಲ ರಾತ್ರಿಗಳಲ್ಲಿ ಆ ವಾಸನೆ ಮರಿಗೆ ಧೈರ್ಯ ಕೊಡುತ್ತದೆ. ಪ್ರಯಾಣಕ್ಕೆ ಮುಂಚೆ ಎರಡು ಮೂರು ತಾಸು ಊಟ ಬೇಡ. ಒಂಟಿಯಾಗಿ ಹೊರಗೆ ಕಟ್ಟಿ ಹಾಕದೆ ಯಾರಾದರೂ ಮಲಗುವ ಕಡೆಯೇ ಹತ್ತಿರ ಮಲಗಿಸಿದರೆ ಅಳು ಬೇಗ ನಿಲ್ಲುತ್ತದೆ. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೆಲವು ದಿನ ಕೊಟ್ಟು, ಒಂದು ವಾರದಲ್ಲಿ ನಿಧಾನವಾಗಿ ನಿಮ್ಮ ಊಟಕ್ಕೆ ಬದಲಿಸಿ. ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ, ಬೇಯಿಸಿದ ಮೊಟ್ಟೆ ಇವೆಲ್ಲ ನಡೆಯುತ್ತವೆ, ಆದರೆ ಬರಿ ರೊಟ್ಟಿ ಹಾಲಿನ ಮೇಲೆ ಬೆಳೆಯುವ ಮರಿಗೆ ಬೇಕಾದಷ್ಟು ಮಾಂಸಸತ್ವ, ಸುಣ್ಣದಂಶ ಸಿಗುವುದಿಲ್ಲ. ಮೊಟ್ಟೆ, ಮಾಂಸ ತಾರದ ಮನೆಯವರು ಸಿದ್ಧ ಆಹಾರದ ಬಗ್ಗೆ ವೈದ್ಯರನ್ನು ಕೇಳಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕೊಲೇಟ್, ಬೇಯಿಸಿದ ಎಲುಬು ಕೊಡಲೇಬಾರದು. ದ್ರಾಕ್ಷಿ, ಅದರಲ್ಲಿಯೂ ಒಣದ್ರಾಕ್ಷಿ, ನಾಯಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ನಾಯಿ ಸಾಕಿರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ತಂದ ಎರಡು ಮೂರು ದಿನಗಳಲ್ಲಿಯೇ ಪಶುವೈದ್ಯರಲ್ಲಿ ತೋರಿಸಬೇಕು. ಪಾರ್ವೊ, ಡಿಸ್ಟೆಂಪರ್ ಮುಂತಾದವುಗಳ ಕೂಡು ಲಸಿಕೆ ಆರರಿಂದ ಎಂಟನೆಯ ವಾರಕ್ಕೆ ಆರಂಭವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ 16ನೆಯ ವಾರದವರೆಗೆ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ ಮತ್ತು ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ರೇಬೀಸ್ ಲಸಿಕೆಯ ಶಿಬಿರಗಳು ನಡೆಯುವುದುಂಟು. ಲಸಿಕೆಯ ಸರಣಿ ಮುಗಿಯುವವರೆಗೆ ಮರಿಯನ್ನು ಬೀದಿಯ ನೆಲದ ಮೇಲೆ ಬಿಡಬಾರದು, ಆದರೆ ಮನೆಯೊಳಗೇ ಬಚ್ಚಿಡಲೂಬಾರದು. ಮೂರರಿಂದ ಹದಿನಾಲ್ಕನೆಯ ವಾರದೊಳಗೆ ಕಂಡದ್ದು ಕೇಳಿದ್ದು ಅದಕ್ಕೆ ಜೀವನಪೂರ್ತಿ ಸಹಜವೆನಿಸುತ್ತದೆ. ಎತ್ತಿಕೊಂಡು ಹೋಗಿ ಟ್ರ್ಯಾಕ್ಟರ್, ಎತ್ತು, ಶಾಲೆಯ ಮಕ್ಕಳು, ಬುರ್ಖಾ ತೊಟ್ಟವರು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜಂದಿರು ಎಲ್ಲರನ್ನೂ ತೋರಿಸಬೇಕು. ಈ ಹಿಂದೆ ಮನೆಯಲ್ಲಿ ಪಾರ್ವೊದಿಂದ ಮರಿ ಸತ್ತಿದ್ದರೆ ಆ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಲಸಿಕೆ ಪೂರ್ಣವಾದ ದೊಡ್ಡ ಮರಿಯನ್ನೇ ತರಬೇಕು.

ಮಕ್ಕಳಿಗೆ ಹೇಳಿಕೊಡಬೇಕಾದದ್ದು ನಾಯಿಗೆ ಹೇಳಿಕೊಡುವುದಕ್ಕಿಂತ ಹೆಚ್ಚು. ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದು. ಕುತ್ತಿಗೆಗೆ ಜೋತು ಬೀಳಬಾರದು. ಬಾಲ, ಕಿವಿ ಎಳೆಯಬಾರದು. ನಾಯಿ ಮುಖ ಆಚೆ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಮೈ ಬಿಗಿ ಹಿಡಿದರೆ ಅದಕ್ಕೆ ಸಾಕಾಗಿದೆ ಎಂದರ್ಥ, ಗುರುಗುಟ್ಟುವುದು ಆಮೇಲಿನ ಎಚ್ಚರಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ. ಆರು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧು ನಾಯಿಯಾದರೂ ಅದರ ಜೊತೆ ಒಂಟಿಯಾಗಿ ಬಿಡಬಾರದು. ಸಾಕಿದ ನಾಯಿಯೇ ಪರಚಿದರೂ, ಹಲ್ಲು ತಾಗಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು; ಅರಿಸಿನ, ಖಾರದ ಪುಡಿ, ಸುಣ್ಣ ಹಚ್ಚುತ್ತಾ ಹೊತ್ತು ಕಳೆಯಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ.

ಎಲ್ಲ ಎಚ್ಚರ ವಹಿಸಿದ ಮೇಲೂ ಕೆಲವೊಮ್ಮೆ ಮನೆಗೂ ನಾಯಿಗೂ ಹೊಂದುವುದಿಲ್ಲ. ಅಂಥ ವೇಳೆಯಲ್ಲಿ ಆಲಮಟ್ಟಿ ದಾರಿಯಲ್ಲೋ ಯಾವುದೋ ಹಳ್ಳಿಯ ಸಂತೆಯಲ್ಲೋ ರಾತ್ರೋರಾತ್ರಿ ಇಳಿಸಿ ಬರುವುದು ಕ್ರೌರ್ಯ, ಕಾನೂನಿನ ಕಣ್ಣಿನಲ್ಲಿ ಅಪರಾಧ ಕೂಡ. ಹೊಂದದಿದ್ದರೆ ತಿರುಗಿ ತೆಗೆದುಕೊಳ್ಳುತ್ತೀರಾ ಎಂದು ಮರಿ ಕೊಡುವವರನ್ನು ತರುವ ದಿನವೇ ಕೇಳಿ, ಒಪ್ಪಿದರೆ ಎಷ್ಟು ದಿನದೊಳಗೆ ಎಂಬುದನ್ನು ಲಸಿಕೆ ಕಾರ್ಡಿನ ಜೊತೆಯಲ್ಲಿಯೇ ಒಂದು ಕಾಗದದ ಮೇಲೆ ಬರೆಸಿ ಸಹಿ ಮಾಡಿಸಿಕೊಳ್ಳಿ.